ಗುಳಿಗೆ ಚೀಟಿ ಓದಲು ಕಲಿಯೋಣ

ಬೋರ್ಡೋ ದ್ರಾವಣಕ್ಕೆ ಏನೇನು ಎಷ್ಟೆಷ್ಟು ಅಂತ ಕೇಳಿ ನೋಡಿ. ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಅಡಿಕೆ ಮರದ ಮದ್ದಿನ ಲೆಕ್ಕದಲ್ಲಿ ಇಷ್ಟು ಚೊಕ್ಕ ಇರುವ ನಾವು, ನಮ್ಮ ಹೊಟ್ಟೆಗೆ ಹೋಗುವ ಮದ್ದಿನ ವಿಷಯ ಬಂದಾಗ ಮಾತ್ರ "ಬಿಳಿ ಗುಳಿಗೆ ಬೆಳಿಗ್ಗೆ, ಕೆಂಪು ಗುಳಿಗೆ ರಾತ್ರಿ" ಅನ್ನುವಲ್ಲಿಗೆ ನಿಲ್ಲಿಸುತ್ತೇವೆ.

ನಾನು ಡಾಕ್ಟರಲ್ಲ, ಕಂಪೌಂಡರೂ ಅಲ್ಲ. ಅಂಕೋಲೆ ಬದಿಯ ಸಣ್ಣ ಕೃಷಿಕ. ಮನೆಯಲ್ಲಿ ಇಬ್ಬರು ಹಿರಿಯರ ಗುಳಿಗೆ ನೋಡಿಕೊಳ್ಳುತ್ತ ಚೀಟಿ ಓದುವುದು ರೂಢಿಯಾಯಿತು. ಈಗ ಕೇರಿಯವರೂ ಚೀಟಿ ಹಿಡಿದು ಬರುತ್ತಾರೆ. ನಮ್ಮ ಕಡೆ ಇದು ಬೇಕು ಕೂಡ. ಜ್ವರಕ್ಕೆ ಊರ ಡಾಕ್ಟರು, ಸ್ವಲ್ಪ ದೊಡ್ಡದಾದರೆ ಕಾರವಾರದ ಆಸ್ಪತ್ರೆ, ಇನ್ನೂ ದೊಡ್ಡದಾದರೆ ಗೋವಾದ ಬಾಂಬೋಳಿ, ಮಣಿಪಾಲ ಅಥವಾ ಹುಬ್ಬಳ್ಳಿ. ಒಬ್ಬನೇ ರೋಗಿ, ನಾಲ್ಕು ಊರಿನ ನಾಲ್ಕು ಚೀಟಿ. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರು? ಮನೆಯವರೇ.

ಕಳೆದ ಮಳೆಗಾಲದಲ್ಲಿ ನಮ್ಮ ಹಿಂದಿನ ಮನೆಯ ಅಜ್ಜಿ ಹಾಲು ಕರೆದು ಏಳುವಾಗ ತಲೆ ತಿರುಗಿ ಕೊಟ್ಟಿಗೆಯಲ್ಲೇ ಬಿದ್ದರು. ಕಾಲೂ ಬಾತಿತ್ತು. ಗುಳಿಗೆ ಡಬ್ಬಿ ತರಿಸಿ ನೋಡಿದರೆ ಬಿ.ಪಿ.ಗೆ ಎರಡು ಬೇರೆ ಬೇರೆ ಹೆಸರಿನ ಶೀಟು. "ತಮಾ, ಒಂದು ದೊಡ್ಡ ಡಾಕ್ಟ್ರದ್ದು, ಒಂದು ಸಣ್ಣ ಡಾಕ್ಟ್ರದ್ದು. ಎರಡೂ ಬೇರೆ ಅಲ್ಲವೋ?" ಅಂದರು. ಶೀಟಿನ ಬೆನ್ನು ಓದಿದರೆ ಎರಡರಲ್ಲೂ ಒಂದೇ ಮದ್ದು, ಅಮ್ಲೋಡಿಪಿನ್ 5 ಮಿಲಿಗ್ರಾಂ. ಎರಡನೆಯ ಡಾಕ್ಟರಿಗೆ ಮೊದಲಿನ ಚೀಟಿ ತೋರಿಸಿರಲಿಲ್ಲ. ಎರಡೂ ಶೀಟು ತೋರಿಸಿದ ಮೇಲೆ ಅವರು ಒಂದನ್ನು ನಿಲ್ಲಿಸಿದರು. ಸೊಂಟ ಮುರಿಯಲಿಲ್ಲ, ಅಷ್ಟೇ ಪುಣ್ಯ.

ಎರಡು ಹೆಸರು, ಒಂದು ಮದ್ದು

ಮ್ಯಾಂಕೋಜೆಬ್ ಒಂದೇ, ಅಂಗಡಿಯಲ್ಲಿ ಅದರ ಪೊಟ್ಟಣಕ್ಕೆ ಹತ್ತಾರು ಹೆಸರು. ಗುಳಿಗೆಯದ್ದೂ ಇದೇ ಕಥೆ. ಕಂಪನಿ ಇಟ್ಟದ್ದು ಬ್ರಾಂಡ್ ಹೆಸರು, ಒಳಗಿನ ಮದ್ದಿನದ್ದು ಜೆನೆರಿಕ್ ಹೆಸರು. ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಬೇಕಾದದ್ದು ಎರಡನೆಯದು.

ಜೆನೆರಿಕ್ ಹೆಸರಿನ ಬಾಲ ಇನ್ನೂ ಉಪಯೋಗದ್ದು. ನಮ್ಮಲ್ಲಿ ನಾಯಕ, ಗೌಡ, ಹರಿಕಂತ್ರ ಅಂದ ಕೂಡಲೆ ಯಾವ ಕಡೆಯವರು ಅಂತ ಅಂದಾಜಾಗುವುದಿಲ್ಲವೇ, ಹಾಗೆ. ಡಿಪಿನ್, ಸಾರ್ಟಾನ್, ಓಲಾಲ್ ಎಂದು ಮುಗಿದರೆ ಹೆಚ್ಚಾಗಿ ಬಿ.ಪಿ. ಅಥವಾ ಹೃದಯದ ಮದ್ದು. ಪ್ರಝೋಲ್ ಇದ್ದರೆ ಸಾಮಾನ್ಯವಾಗಿ ಹೊಟ್ಟೆಯ ಆಮ್ಲ ತಗ್ಗಿಸಲಿಕ್ಕೆ. ಸ್ಟ್ಯಾಟಿನ್ ಕೊಲೆಸ್ಟರಾಲಿಗೆ. ಸಿಲಿನ್ ಎಂದಾದರೆ ಪೆನ್ಸಿಲಿನ್ ಕುಲದ ಆಂಟಿಬಯೋಟಿಕ್. ಅಮಾಕ್ಸಿಸಿಲಿನ್ ತಿಂದು ಮೈಯೆಲ್ಲ ದದ್ದು ಎದ್ದವರು ಆಂಪಿಸಿಲಿನ್ ಕೊಟ್ಟರೂ ಬಾಯಿ ಬಿಟ್ಟು ಹೇಳಬೇಕು, ಎರಡೂ ಒಂದೇ ಮನೆಯವು. ಹಾಗಂತ ಬಾಲ ನೋಡಿ ನಾವೇ ಮದ್ದು ಬದಲಿಸುವ ಹಾಗಿಲ್ಲ.

ಲ್ಯಾಟಿನ್ ಅಕ್ಷರಗಳು

ಚೀಟಿಯ ಮೇಲೆ ಬರೆಯುವ ಆರ್‌ಎಕ್ಸ್ ಲ್ಯಾಟಿನ್ನಿನ 'ರೆಸಿಪೆ', ಅಂದರೆ 'ತೆಗೆದುಕೋ'. ಅಡಿಕೆಯ ಶಾಸ್ತ್ರೀಯ ಹೆಸರು ಅರೆಕಾ ಕೆಟೆಚು ಅನ್ನುವ ಹಾಗೆ ಇಲ್ಲಿಯೂ ಹಳೆಯ ಭಾಷೆ ಉಳಿದಿದೆ.

ಓ.ಡಿ. ಅಂದರೆ ದಿನಕ್ಕೊಮ್ಮೆ. (ಕನ್ನಡಕದ ಚೀಟಿಯಲ್ಲಿ ಅದೇ ಓ.ಡಿ. ಎಂದರೆ ಬಲಗಣ್ಣು!) ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಕ್ಯೂ.ಐ.ಡಿ. ನಾಲ್ಕು ಸಲ. ಎಚ್.ಎಸ್. ಮಲಗುವಾಗ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟವಾದ ಮೇಲೆ. ಸ್ಟಾಟ್ ಅಂದರೆ ಈಗಿಂದೀಗಲೇ. 1-0-1 ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 5/7 ಎಂದಿದ್ದರೆ ಐದು ದಿನ.

ಎಸ್.ಓ.ಎಸ್. ಬಗ್ಗೆ ಜಾಸ್ತಿ ಗೊಂದಲ. ಹಡಗಿನವರ ಅಪಾಯದ ಸಂಕೇತ ಅಲ್ಲ ಇದು. 'ಬೇಕಾದರೆ ಮಾತ್ರ' ಎಂದರ್ಥ. ನೋವಿದ್ದರೆ ತಿನ್ನು, ಇಲ್ಲದಿದ್ದರೆ ಬೇಡ. ಬೇಕೆನಿಸಿದಷ್ಟು ಸಲ ಅಂತಲೂ ಅಲ್ಲ, ಎಷ್ಟು ಗಂಟೆ ಬಿಟ್ಟು ಅಂತ ಕೇಳಿಕೊಳ್ಳಬೇಕು. ಪ್ಯಾರಾಸಿಟಮಾಲ್ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಲಿವರ್ ಹಾಳು. ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಶೀತದ ಎಷ್ಟೋ ಗುಳಿಗೆಗಳ ಒಳಗೂ ಅದೇ ಅಡಗಿರುತ್ತದೆ, ಲೆಕ್ಕಕ್ಕೆ ಅದನ್ನೂ ಸೇರಿಸಿ.

ಒಂದು ಗುಳಿಗೆ ಓ.ಡಿ., ಇನ್ನೊಂದು ಟಿ.ಡಿ.ಎಸ್. ಯಾಕೆ? ಮೈಯೊಳಗಿನ ಮದ್ದು ಅರ್ಧಕ್ಕೆ ಇಳಿಯಲು ಬೇಕಾಗುವ ಹೊತ್ತಿಗೆ ಹಾಫ್ ಲೈಫ್ ಅನ್ನುತ್ತಾರೆ. ಪ್ಯಾರಾಸಿಟಮಾಲಿಗೆ ಅದು ಎರಡು ಮೂರು ಗಂಟೆ, ಅಮ್ಲೋಡಿಪಿನ್ನಿಗೆ ಒಂದು ದಿನಕ್ಕೂ ಮೇಲೆ. ಅದಕ್ಕೇ ಇದು ದಿನಕ್ಕೊಂದು ಸಾಕು. ನಿನ್ನೆಯದ್ದು ಮರೆತೆ ಅಂತ ಇಂದು ಎರಡು ನುಂಗುವುದು ಬೇಡ.

ವಾರಕ್ಕೊಮ್ಮೆ ಎಂದಿರುವ ಗುಳಿಗೆಯ ಮೇಲೆ ಮಾತ್ರ ಕಣ್ಣಿಡಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ್ದು. ಅದನ್ನು ದಿನಾ ತಿಂದರೆ ಜೀವಕ್ಕೇ ಅಪಾಯ. ಯಾವ ವಾರ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದಿಡಿ.

ಅಳತೆಯ ಎಡವಟ್ಟು

ಮಕ್ಕಳ ಪ್ಯಾರಾಸಿಟಮಾಲ್ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಲಿಗ್ರಾಂ ಮದ್ದು. ಸಿರಪ್ಪಿನಲ್ಲಿ ಐದು ಮಿಲಿಗೆ 125, ಅಂದರೆ ಮಿಲಿಗೆ 25. ನಾಲ್ಕು ಪಟ್ಟು ವ್ಯತ್ಯಾಸ! ಅಕ್ಕನ ಸಿರಪ್ಪಿನ ಅಳತೆಯಲ್ಲಿ ತಮ್ಮನಿಗೆ ಡ್ರಾಪ್ಸ್ ಕೊಟ್ಟರೆ ಏನಾದೀತು ನೋಡಿ. ಅಡುಗೆಮನೆಯ ಚಮಚ ಬೇಡ, ಬಾಟಲಿ ಜೊತೆ ಬಂದ ಮುಚ್ಚಳದ ಅಳತೆಯೇ ಸರಿ.

ಇನ್ಸುಲಿನ್ನಿನಲ್ಲೂ ಹೀಗೇ. ಮಿಲಿಗೆ 40 ಯೂನಿಟ್ಟಿನದ್ದೂ ಇದೆ, 100ರದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಟೊಪ್ಪಿ, 100ರದ್ದಕ್ಕೆ ಕಿತ್ತಳೆ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ, ಸಕ್ಕರೆ ದಡಕ್ಕನೆ ಇಳಿಯುತ್ತದೆ.

ಗದ್ದೆಗೆ ಹೋಗುವವರು ಕೇಳಬೇಕಾದದ್ದು

ಡಾಕ್ಟರಿಗೆ ನಮ್ಮ ಕೆಲಸ ಏನು ಅಂತ ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಗದ್ದೆಯ ನೀರಿನಿಂದ ಬರುವ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅದನ್ನು ತಿನ್ನುವಾಗ ಬಿಸಿಲು ತಾಗಿದರೆ ಕೆಲವರ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ. ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಹುಣ್ಣಾಗುತ್ತದೆ. ಹಾಲಿನ ಜೊತೆ, ಕಬ್ಬಿಣದ ಗುಳಿಗೆ ಜೊತೆ ತಿಂದರೆ ಮೈಗೆ ಹತ್ತುವುದು ಕಡಿಮೆ. ಶೀತ, ತುರಿಕೆಯ ಹಲವು ಗುಳಿಗೆಗಳು ನಿದ್ದೆ ತರುತ್ತವೆ. ಅದನ್ನು ತಿಂದು ತೆಂಗಿನ ಮರ ಹತ್ತುವುದು, ಟಿಲ್ಲರ್ ಹಿಡಿಯುವುದು ಬೇಡವೇ ಬೇಡ. ಭೇದಿಗೆ ಮೆಟ್ರೊನಿಡಝೋಲ್ ಕೊಟ್ಟಿದ್ದರೆ ಫೆನ್ನಿ ಮುಟ್ಟಬಾರದು.

ಇವಕ್ಕೆಲ್ಲ ಸೈಡ್ ಇಫೆಕ್ಟ್, ಇಂಟರಾಕ್ಷನ್ ಅಂತ ಹೆಸರು. ಕಾಂಟ್ರಾಇಂಡಿಕೇಶನ್ ಎಂದರೆ ಇಂಥವರಿಗೆ ಕೊಡಲೇಬಾರದು ಎಂದು. ಬೆಳಂಬಾರದಂಥ ಕಡೆ ನಾಟಿ ಮದ್ದಿಗೆ ಹೋಗುವವರೂ ಇಂಗ್ಲಿಷ್ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳಬೇಕು, ಬಿ.ಪಿ. ಗುಳಿಗೆಯನ್ನು ತಮ್ಮಷ್ಟಕ್ಕೇ ನಿಲ್ಲಿಸಬಾರದು.

ಅಕ್ಷರ ಅರ್ಥವಾಗದಿದ್ದರೆ ಕೇಳಲು ನಾಚಿಕೆ ಯಾಕೆ? ಮದ್ದಿನ ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ 2016ರಲ್ಲೇ ಭಾರತೀಯ ವೈದ್ಯಕೀಯ ಮಂಡಳಿ ಡಾಕ್ಟರರಿಗೆ ಹೇಳಿದೆ. ಶೀಟಿನ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿ ಇಲ್ಲದೆ ಕೊಳ್ಳುವ ಮದ್ದಲ್ಲ.

ಕೊಟ್ಟಿಗೆಯ ಚೀಟಿ

ದನದ ಡಾಕ್ಟರ ಚೀಟಿಯಲ್ಲೂ ಇವೇ ಅಕ್ಷರಗಳು, ಜೊತೆಗೆ ಐ.ಎಂ. ಅಂದರೆ ಮಾಂಸಖಂಡಕ್ಕೆ, ಐ.ವಿ. ಅಂದರೆ ನರಕ್ಕೆ. ಮನೆಯಲ್ಲಿ ಉಳಿದ ನೋವಿನ ಮದ್ದನ್ನು ದನಕ್ಕೆ ಕೊಡಬೇಡಿ. ಡೈಕ್ಲೋಫೆನಾಕ್ ತಿಂದ ದನದ ಹೆಣ ಮುಕ್ಕಿದ ರಣಹದ್ದುಗಳು ಸತ್ತು ಕುಲವೇ ಅಳಿಯುವ ಹಾಗಾದ ಕಾರಣ 2006ರಲ್ಲಿ ಜಾನುವಾರುಗಳಿಗೆ ಅದು ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೇನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಚುಚ್ಚಿಸಿದಾಗ ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಅಂತ ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ. ಕರುವಿಗೂ ಆ ಹಾಲು ಬೇಡ.