ಸೈನಾ ನೆಹ್ವಾಲ್ ಅವರ ಬೆಂಗಳೂರು ತರಬೇತಿ ವರ್ಷಗಳು

ಸೈನಾ ನೆಹ್ವಾಲ್ (ಜನನ: 17 ಮಾರ್ಚ್ 1990, ಹಿಸಾರ್, ಹರಿಯಾಣ) ಭಾರತದ ಮಾಜಿ ಮಹಿಳಾ ಸಿಂಗಲ್ಸ್ ಬ್ಯಾಡ್ಮಿಂಟನ್ ಆಟಗಾರ್ತಿ. ಅವರ ಹೆಸರು ಹೈದರಾಬಾದಿನೊಂದಿಗೆ ಬೆಸೆದುಕೊಂಡಿದ್ದರೂ, 2014ರ ಸೆಪ್ಟೆಂಬರ್‌ನಿಂದ ಮೂರು ವರ್ಷ ಅವರು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿಯಲ್ಲಿ ಯು. ವಿಮಲ್ ಕುಮಾರ್ ಅವರಿಂದ ತರಬೇತಿ ಪಡೆದರು. ವಿಶ್ವದ ಅಗ್ರಸ್ಥಾನ, ವಿಶ್ವ ಚಾಂಪಿಯನ್‌ಷಿಪ್‌ನ ಎರಡು ಪದಕಗಳು ಮತ್ತು ರಿಯೊ ಒಲಿಂಪಿಕ್ಸ್‌ನ ಸೋಲು ಈ ಅವಧಿಗೇ ಸೇರುತ್ತವೆ.

ಅಕಾಡೆಮಿಯ ಹಿನ್ನೆಲೆ

ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಸ್ಥಳ; ಮುಹೂರ್ತವಿದ್ದ ದಿನ ಆಟಕ್ಕೆ ಬಿಡುವು. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದು, ವಿಶ್ವದ ಅಗ್ರ ಆಟಗಾರರೆನಿಸಿದರು. 1994ರಲ್ಲಿ ವಿಮಲ್ ಕುಮಾರ್ ಅವರ ಜೊತೆಗೂಡಿ ಅಕಾಡೆಮಿಯನ್ನು ಆರಂಭಿಸಿದರು. ವಿಮಲ್ ಕುಮಾರ್ 1988 ಮತ್ತು 1989ರ ರಾಷ್ಟ್ರೀಯ ಚಾಂಪಿಯನ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಆಡಿದವರು. ಸೈನಾ ಬಂದಾಗ ಅಕಾಡೆಮಿಯು ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಸಮೀಪದ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯ ಅಂಗಣದಲ್ಲಿತ್ತು. ಸೈನಾ ಅವರ ಹಿಂದಿನ ಗುರು ಪುಲ್ಲೇಲ ಗೋಪಿಚಂದ್ ಕೂಡ ಒಂದು ಕಾಲದಲ್ಲಿ ಇದೇ ಅಕಾಡೆಮಿಯ ವಿದ್ಯಾರ್ಥಿಯಾಗಿದ್ದರೆಂಬುದು ಗಮನಾರ್ಹ.

ಗುರು ಬದಲಾವಣೆ

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ಸೈನಾ, ಅದೇ ಅಕ್ಟೋಬರ್‌ನ ಡೆನ್ಮಾರ್ಕ್ ಓಪನ್ ಬಳಿಕ 2014ರ ಜೂನ್‌ವರೆಗೆ ಒಂದೂ ಸೂಪರ್ ಸೀರೀಸ್ ಪ್ರಶಸ್ತಿ ಗೆಲ್ಲಲಿಲ್ಲ. ವಿಶ್ವ ಚಾಂಪಿಯನ್‌ಷಿಪ್ ಅವರಿಗೆ ಇನ್ನೂ ಕಠಿಣವಾಗಿತ್ತು. 2009, 2010, 2011, 2013 ಮತ್ತು 2014ರಲ್ಲಿ ಅವರ ಆಟ ಕ್ವಾರ್ಟರ್ ಫೈನಲ್‌ನಲ್ಲೇ ಮುಗಿದಿತ್ತು. ಅದೇ ಅಂಗಣದಲ್ಲಿ ಅಭ್ಯಾಸ ಮಾಡುತ್ತಿದ್ದ ಪಿ. ವಿ. ಸಿಂಧು, 2013 ಮತ್ತು 2014ರಲ್ಲಿ ಕಂಚಿನ ಪದಕ ತಂದಿದ್ದರು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗುರುವನ್ನೂ ಊರನ್ನೂ ಬಿಟ್ಟು ಬರುವುದು ಸುಲಭದ ನಿರ್ಧಾರವಲ್ಲ.

ಯಶಸ್ಸಿನ ಹತ್ತು ತಿಂಗಳು

2014ರ ನವೆಂಬರ್‌ನಲ್ಲಿ ಅಕಾನೆ ಯಮಗುಚಿ ಅವರನ್ನು 21–12, 22–20ರಿಂದ ಸೋಲಿಸಿ ಸೈನಾ ಚೀನಾ ಓಪನ್ ಗೆದ್ದರು. 2015ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆಯಾದರು. ಅಲ್ಲಿ ಮೊದಲ ಗೇಮ್ ಗೆದ್ದೂ ಸ್ಪೇನಿನ ಕರೋಲಿನಾ ಮರಿನ್ ಅವರಿಗೆ 21–16, 14–21, 7–21ರಿಂದ ಮಣಿದರು. ಅದೇ ತಿಂಗಳು ಇಂಡಿಯಾ ಓಪನ್ ಗೆದ್ದು, ಏಪ್ರಿಲ್ ಆರಂಭದಲ್ಲಿ ಪ್ರಕಟವಾದ ಪಟ್ಟಿಯಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಪ್ರಕಾಶ್ ಪಡುಕೋಣೆಯವರ ಅನಂತರ ಆ ಸ್ಥಾನ ಪಡೆದ ಮೊದಲ ಭಾರತೀಯರು ಅವರು, ಮಹಿಳೆಯರಲ್ಲಿ ಮೊದಲಿಗರು.

ಆದರೆ ಈ ಅವಧಿಯ ನಿಜವಾದ ಪರೀಕ್ಷೆ ಆಗಸ್ಟ್‌ನಲ್ಲಿ ಜಕಾರ್ತದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್. ಮತ್ತೆ ಕ್ವಾರ್ಟರ್ ಫೈನಲ್. ಎದುರಾಳಿ, ಲಂಡನ್ ಸೆಮಿಫೈನಲ್‌ನಲ್ಲಿ ಅವರನ್ನು ನೇರ ಗೇಮ್‌ಗಳಲ್ಲಿ ಸೋಲಿಸಿದ್ದ ಚೀನಾದ ವಾಂಗ್ ಯಿಹಾನ್. ಸೈನಾ 21–15, 19–21, 21–19ರಿಂದ ಗೆದ್ದರು. ಐದು ಬಾರಿ ಮುಚ್ಚಿದ್ದ ಬಾಗಿಲು ಕೊನೆಯ ಗೇಮ್‌ನ ಎರಡೇ ಅಂಕಗಳ ಅಂತರದಲ್ಲಿ ತೆರೆಯಿತು. ಬಳಿಕ ಫೈನಲ್‌ನಲ್ಲಿ ಮರಿನ್ ಎದುರು 16–21, 19–21ರಿಂದ ಸೋತು ಬೆಳ್ಳಿ ಪಡೆದರು. ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದ ಮೊದಲ ಭಾರತೀಯ ಸ್ಪರ್ಧಿ ಅವರೇ. ಈ ಏರಿಕೆಯ ಶ್ರೇಯಸ್ಸನ್ನು ಬೆಂಗಳೂರಿಗೆ ಮಾತ್ರ ಸಲ್ಲಿಸುವುದು ನ್ಯಾಯವಲ್ಲ. ದೀರ್ಘ ಪಟ್ಟುಗಳನ್ನು ತಾಳುವ ದೇಹಬಲ ಹೈದರಾಬಾದಿನಲ್ಲೇ ಸಿದ್ಧವಾಗಿತ್ತು.

ಗಾಯ ಮತ್ತು ರಿಯೊ

2016ರ ಜೂನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು ರಿಯೊಗೆ ತೆರಳಿದ ಸೈನಾ, ಮೊಣಕಾಲಿನ ನೋವಿನೊಂದಿಗೆ ಆಡಿ, ಗುಂಪಿನ ಹಂತದಲ್ಲೇ ಉಕ್ರೇನಿನ ಮರಿಯಾ ಉಲಿಟಿನಾ ಅವರಿಗೆ 18–21, 19–21ರಿಂದ ಸೋತರು. ಅದೇ ಕ್ರೀಡಾಕೂಟದಲ್ಲಿ ಸಿಂಧು ಬೆಳ್ಳಿ ಗೆದ್ದರು. ಆಗಸ್ಟ್‌ನಲ್ಲೇ ಸೈನಾ ಅವರಿಗೆ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು.

ಚೇತರಿಕೆ ನಿರೀಕ್ಷೆಗಿಂತ ಬೇಗ ಫಲ ನೀಡಿತು. 2017ರ ಜನವರಿಯಲ್ಲಿ ಮಲೇಷ್ಯಾ ಮಾಸ್ಟರ್ಸ್ ಪ್ರಶಸ್ತಿ, ಆಗಸ್ಟ್‌ನಲ್ಲಿ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಅವರದಾದವು. ಮರುತಿಂಗಳೇ ಅವರು ಹೈದರಾಬಾದಿಗೆ, ಗೋಪಿಚಂದ್ ಅವರ ಬಳಿಗೆ ಮರಳಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಸಿಂಧು ಅವರನ್ನು 21–18, 23–21ರಿಂದ ಸೋಲಿಸಿ ಚಿನ್ನ ಗೆದ್ದರು.