ಕವಡೆಯ ನಾಡಿನಲ್ಲಿ ನಾಲ್ಕು ದಿನ

ನಮ್ಮ ಮನೆಯವರಿಗೆ ಸಮುದ್ರವೆಂದರೆ ಇದುವರೆಗೆ ಮಲ್ಪೆ, ಇಲ್ಲವೇ ಗೋಕರ್ಣ. ಹಗಲೆಲ್ಲ ಮರಳಿನಲ್ಲಿ ಕಳೆದು, ಸಂಜೆ ಬಾವಿಯ ನೀರಿನಲ್ಲಿ ಮಿಂದು ಉಂಡರೆ ರಜೆ ಸಾರ್ಥಕವಾಗುತ್ತಿತ್ತು. ಈ ಸಲ ಮಕ್ಕಳು ಹಟ ಹಿಡಿದರು: ಮಾಲ್ಡೀವ್ಸಿಗೇ ಹೋಗಬೇಕು, ನೀರಿನ ಮೇಲೆ ಕಟ್ಟಿದ ಮನೆಯಲ್ಲಿಯೇ ಮಲಗಬೇಕು! ಎರಡು ವರ್ಷ ಕೂಡಿಟ್ಟ ಹಣವನ್ನು ನಾಲ್ಕು ದಿನಕ್ಕೆ ಸುರಿಯಲು ನನಗೂ ಅಳುಕೇ. ತಂದೆಯವರು ತೀರಿಕೊಂಡ ಮೇಲೆ ಊರು ಬಿಟ್ಟು ಕದಲದಿದ್ದ ನನ್ನ ತಾಯಿ, “ಹಣವನ್ನು ಹೀಗೆ ನೀರಿನಂತೆ ಖರ್ಚು ಮಾಡಬಾರದು, ಮಗೂ” ಎಂದರು. ಕೊನೆಗೆ ಮೊಮ್ಮಕ್ಕಳ ಮಾತಿಗೆ ಸೋತು ಅವರೂ ಹೊರಟರು. ಅವರ ಕೈಚೀಲದಲ್ಲಿ ಅವಲಕ್ಕಿ, ನಿಂಬೆಯ ಉಪ್ಪಿನಕಾಯಿ ಮತ್ತು ಚೌಕಾಬಾರದ ನಾಲ್ಕು ಕವಡೆಗಳಿದ್ದುವು.

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಹಾದಿ. ಕಿಟಕಿಯಿಂದ ಕೆಳಗೆ ನೋಡಿದರೆ ನೀಲಿಯ ರೇಷ್ಮೆಯ ಮೇಲೆ ಹಸಿರು ಬಳೆಗಳನ್ನು ಹರಡಿದಂತೆ ತೋರುತ್ತದೆ. ಹವಳದ ದಿಬ್ಬಗಳ ಈ ಬಳೆಗೆ ಜಗತ್ತೆಲ್ಲ ‘ಅಟಾಲ್’ ಎನ್ನುವುದು; ಆ ಶಬ್ದ ಬಂದುದೇ ಇಲ್ಲಿಯ ದಿವೇಹಿ ಭಾಷೆಯಿಂದ. ಸುಮಾರು 1,200 ದ್ವೀಪಗಳಲ್ಲಿ ಊರುಗಳಿರುವುವು ಇನ್ನೂರರಷ್ಟು ಮಾತ್ರ. 1972ರಲ್ಲಿ ಕುರುಂಬಾ ಎಂಬ ಮೊದಲ ವಿಹಾರಧಾಮ ತೆರೆಯಿತು. ಇಂದು ಅಂಥವು ನೂರೈವತ್ತಕ್ಕೂ ಮಿಕ್ಕಿವೆ. ಬಹುಮಟ್ಟಿಗೆ ಒಂದು ದ್ವೀಪಕ್ಕೆ ಒಂದೇ ವಿಹಾರಧಾಮ.

ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಮೋಟಾರು ದೋಣಿಯೇ ಕಾದಿರುತ್ತದೆ. ನಮ್ಮ ಮನೆಯ ಮೆಟ್ಟಿಲುಗಳು ನೇರವಾಗಿ ತಿಳಿನೀರಿಗೆ ಇಳಿಯುತ್ತಿದ್ದುವು. ಹವಳವನ್ನು ಕೆರೆದು ತಿಂದು, ಅದನ್ನೇ ನುಣ್ಣನೆಯ ಬಿಳಿ ಮರಳಾಗಿ ವಿಸರ್ಜಿಸುವ ಗಿಳಿಮೀನುಗಳನ್ನು ಮಕ್ಕಳು ಬೆಳಗಿನಿಂದ ಬೈಗಿನವರೆಗೆ ನೋಡಿ ದಣಿಯಲಿಲ್ಲ. ತಾಯಿಯವರು ಜಗಲಿಯಲ್ಲಿ ನೆಲದ ಮೇಲೆ ಚೌಕ ಬರೆದು ಕವಡೆ ಹಾಕುತ್ತಿದ್ದರು.

ಒಂದು ಸಂಜೆ ದೋಣಿಯ ತರುಣ ಅದನ್ನು ಕಂಡು ನಕ್ಕು, ಹಿಂದಿಯಲ್ಲಿ, “ಅಮ್ಮಾ, ನಮ್ಮ ನಾಡಿನ ನಾಣ್ಯವನ್ನು ನಮ್ಮಲ್ಲಿಗೇ ತಂದಿರಾ?” ಎಂದ. ನಿಜವೇ. 1343ರಲ್ಲಿ ಇಲ್ಲಿಗೆ ಬಂದು ಕಾಜಿಯಾಗಿದ್ದ ಯಾತ್ರಿಕ ಇಬ್ನ್ ಬತೂತ, ಇಲ್ಲಿಯ ಕವಡೆ ಬಂಗಾಳಕ್ಕೆ ಹೋಗಿ ಅಕ್ಕಿಯಾಗಿ ಮರಳುತ್ತಿದ್ದುದನ್ನು ಬರೆದಿದ್ದಾನೆ. ನಾವು ಬೆಲೆಯಿಲ್ಲದ್ದಕ್ಕೆ ‘ಕವಡೆ ಕಾಸು’ ಎನ್ನುತ್ತೇವೆ. ಒಂದು ಕಾಲಕ್ಕೆ ಈ ದ್ವೀಪಗಳು ಅನ್ನ ಕೊಂಡದ್ದೇ ಅದರಿಂದ.

“ಹಾಗಾದರೆ ಈಗ ಇಲ್ಲಿ ಬೆಲೆಬಾಳುವುದು ಯಾವುದಪ್ಪಾ?” ಎಂದು ತಾಯಿಯವರು ಕೇಳಿದರು. ಆತ ಸ್ನಾನದ ಮನೆಯ ನಲ್ಲಿಯನ್ನು ತೋರಿಸಿದ.

ಮರುದಿನ ಅವನೇ ನಮ್ಮನ್ನು ದ್ವೀಪದ ಹಿಂಬದಿಗೆ ಕರೆದೊಯ್ದ. ಅಲ್ಲಿ ಡೀಸೆಲ್ ಯಂತ್ರಗಳ ಮೊರೆತ. ಪಕ್ಕದಲ್ಲಿ ಕಡಲ ನೀರನ್ನು ಭಾರೀ ಒತ್ತಡದಿಂದ ತೆಳ್ಳನೆಯ ಪೊರೆಗಳ ಮೂಲಕ ಹಾಯಿಸಿ ಉಪ್ಪನ್ನು ಬೇರ್ಪಡಿಸುವ ಕೊಳವೆಗಳು. ನದಿಯಿಲ್ಲದ ಈ ನಾಡಿನಲ್ಲಿ ಮಳೆನೀರು ಮರಳಿನಡಿಯ ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಲ್ಲುತ್ತದೆ. ಬಾವಿಗಳಿಗೆ ಅದೇ ಆಧಾರ. 2004ರ ಸುನಾಮಿಯಲ್ಲಿ ಅನೇಕ ದ್ವೀಪಗಳ ಬಾವಿಗಳು ಉಪ್ಪಾದುವು. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ನೀರಿನ ಸ್ಥಾವರಕ್ಕೆ ಬೆಂಕಿ ತಗುಲಿ, ಸುಮಾರು ಒಂದು ಲಕ್ಷ ಜನರ ನಲ್ಲಿಗಳು ಒಣಗಿದಾಗ, ಭಾರತವು ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ಕುಡಿಯುವ ನೀರನ್ನು ಕಳುಹಿಸಿತು. “ಆಗ ನಾನು ಮಾಲೆಯಲ್ಲಿ ಓದುತ್ತಿದ್ದೆ. ಆ ನೀರು ಕುಡಿದವರಲ್ಲಿ ನಾನೂ ಒಬ್ಬ” ಎಂದ ಆ ತರುಣ.

ತಾಯಿಯವರು ಮಾತಾಡಲಿಲ್ಲ. ಅಂದು ರಾತ್ರಿ ಮೊಮ್ಮಗ ಸ್ನಾನದ ತೊಟ್ಟಿಗೆ ನೀರು ಬಿಟ್ಟುಕೊಂಡಾಗ, ತಾವೇ ಎದ್ದು ಹೋಗಿ ನಲ್ಲಿ ತಿರುಗಿಸಿ, ಒಂದು ಬಕೆಟ್ಟು ತರಿಸಿದರು! “ನಿನ್ನ ಅಪ್ಪನ ಹಣ ಹೋದರೆ ಮತ್ತೆ ಬಂದೀತು, ಕಂದಾ. ಇದು ಎಣ್ಣೆ ಸುಟ್ಟು ಮಾಡಿದ ನೀರು.”

ಈ ನಾಡಿನ ಅತ್ಯುನ್ನತ ಸಹಜ ನೆಲವೇ ಕಡಲಿನಿಂದ ಸುಮಾರು 2.4 ಮೀಟರಿನಷ್ಟು ಎತ್ತರ. ಕಡಲೇರುವ ಭೀತಿಯನ್ನು ಲೋಕಕ್ಕೆ ತಿಳಿಸಲು 2009ರಲ್ಲಿ ಇಲ್ಲಿಯ ಮಂತ್ರಿಮಂಡಲ ನೀರಿನೊಳಗೆ ಕುಳಿತೇ ಸಭೆ ನಡೆಸಿತು. ಹೋಗಬಯಸುವ ವಾಚಕರಿಗೆ ಎರಡು ಮಾತು: ಜನವರಿಯಿಂದ ಏಪ್ರಿಲಿನವರೆಗೆ ಮಳೆ ಕಡಿಮೆ, ಊರುಗಳಿರುವ ದ್ವೀಪಗಳಲ್ಲಿ ಈಗ ಸಣ್ಣ ಅತಿಥಿಗೃಹಗಳುಂಟು, ಖರ್ಚೂ ಕಡಿಮೆ. ಹವಳದ ಚೂರನ್ನು ಮಾತ್ರ ಹೊತ್ತು ತರಬೇಡಿ. ಕಾನೂನು ಅದನ್ನು ಒಪ್ಪದು.

2024ರ ಬೇಸಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿ, ಟ್ಯಾಂಕರಿಗೆ ಕಾದದ್ದುಂಟು. ಆಗ ಮಕ್ಕಳು ಗೊಣಗಿದ್ದರು. ಈಗ ಹಲ್ಲುಜ್ಜುವಾಗ ಅವರೇ ನಲ್ಲಿ ನಿಲ್ಲಿಸುತ್ತಾರೆ. ತಾಯಿಯವರು ಮೊನ್ನೆ ಚೌಕಾಬಾರದ ನಡುವೆ ತಲೆಯೆತ್ತದೆಯೇ ಕೇಳಿದರು: “ಮುಂದಿನ ರಜೆಗೆ ಎಲ್ಲಿಗೆ, ಮಗೂ?”