ಬರದ ಸೀಮೆಯ ಮನೆಗೂ ನೆರೆಯ ಲೆಕ್ಕ

ಬೋರನಕಣಿವೆ ಸುತ್ತಿನ ಊರುಗಳಲ್ಲಿ ಸೈಟು ನೋಡಲು ಬಂದವರು ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ ಎಂದು ತಪ್ಪದೆ ಕೇಳುತ್ತಾರೆ. ಹಳ್ಳ ಎಷ್ಟು ದೂರ, ಕೋಡಿ ನೀರು ಯಾವ ಕಡೆ ಹರಿಯುತ್ತದೆ ಎಂದು ಕೇಳುವವರು ಅಪರೂಪ. ಅದಕ್ಕೆ ಕಾರಣ ಹಳೆಯ ನಂಬಿಕೆ: ನಮ್ಮದು ಬರದ ಸೀಮೆ, ನೆರೆ ಏನಿದ್ದರೂ ಕೊಡಗು, ಬೆಳಗಾವಿಯವರ ಪಾಡು.

ಬರದ ಸೀಮೆ ಎನ್ನುವುದು ನಿಜ. ಆದರೆ ಇಲ್ಲಿನ ನೆರೆ ನದಿ ಉಕ್ಕಿ ವಾರಗಟ್ಟಲೆ ನಿಲ್ಲುವಂಥದ್ದಲ್ಲ, ಕೆರೆಯಿಂದ ಕೆರೆಗೆ ಇಳಿದು ಬರುವಂಥದ್ದು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಯ ಪಾಲು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡವಾಗಿ ಕಟ್ಟಿದ ಬೋರನಕಣಿವೆಯೂ ಇಂಥ ಹಳ್ಳಕೊಳ್ಳಗಳನ್ನೇ ನೆಚ್ಚಿಕೊಂಡಿದೆ. ಮೇಲಿನ ಒಂದು ಏರಿ ಒಡೆದರೆ ಕೆಳಗಿನವು ಸರದಿಯಲ್ಲಿ ಆ ಭಾರ ಹೊರಬೇಕು. ಇದಕ್ಕೆ ಇತ್ತೀಚಿನ ದಶಕಗಳಲ್ಲಿ ಹೇಮಾವತಿ ನಾಲೆಯೂ ಸೇರಿಕೊಂಡಿದೆ. ನಾಲೆ ನೀರಿನಿಂದ ಆಗಸ್ಟ್‌ಗೇ ತುಂಬಿ ನಿಂತ ಕೆರೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಜಾಗ ಎಲ್ಲಿ? ಬಂದ ನೀರೆಲ್ಲ ನೇರ ಕೋಡಿಗೆ. ಕೆರೆ ತುಂಬಿಸಬಾರದು ಎಂದಲ್ಲ. ಒಣ ಕೆರೆಯ ಕಾಲದಲ್ಲಿ ಕೋಡಿ ಹಳ್ಳದ ಪಕ್ಕ ಧೈರ್ಯವಾಗಿ ಕಟ್ಟಿದ ಮನೆಯ ಲೆಕ್ಕ ಈಗ ಬದಲಾಗಿದೆ, ಅಷ್ಟೆ.

ಇನ್ನೊಂದು ಮಾತು ಅರಳಿಕಟ್ಟೆಯ ಮೇಲೆ ಸದಾ ಕೇಳಿಬರುತ್ತದೆ: ‘ಒಂದು ಸಲ ಕೋಡಿ ಬಿತ್ತಲ್ಲ, ಇನ್ನು ನಮ್ಮ ಕಾಲಕ್ಕೆ ಇಲ್ಲ ಬಿಡಿ.’ ನೆರೆಯ ತಾಲ್ಲೂಕಿನ ಮಾರಿಕಣಿವೆಯನ್ನೇ ನೋಡಿ. ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರ್‌ನಲ್ಲಿ. ಮೂರನೇ ಸಲಕ್ಕೆ ಇನ್ನೊಂದು ತಲೆಮಾರು ಕಾಯಬೇಕು ಎಂದುಕೊಂಡವರ ಕಣ್ಣೆದುರೇ 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ಎಂಜಿನಿಯರುಗಳು ನೂರು ವರ್ಷದ ನೆರೆ ಎನ್ನುವುದೂ ನೂರು ವರ್ಷಕ್ಕೆ ಒಂದೇ ಸಲ ಎಂದಲ್ಲ. ಯಾವುದೇ ವರ್ಷ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದು. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬಾಗಿಲಿಗೆ ಬರುವ ಸಾಧ್ಯತೆ ಸುಮಾರು ಶೇ 26.

‘ಸರ್ಕಾರ ಇದನ್ನು ನೆರೆ ಪ್ರದೇಶ ಎಂದು ಎಲ್ಲೂ ಗುರುತಿಸಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ. ನದಿ ಬಯಲುಗಳನ್ನು ವಲಯ ಮಾಡಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ಗೊತ್ತುಮಾಡುವ ಮಾದರಿ ಮಸೂದೆಯೊಂದನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು, ಕರ್ನಾಟಕ ಮಾಡಲಿಲ್ಲ. ಹಾಗಾಗಿ ನಮ್ಮಲ್ಲಿ ಗುರುತಿಲ್ಲ ಎಂದರೆ ಯಾರೂ ಅಳೆದಿಲ್ಲ ಎಂದೇ ಅರ್ಥ. ಅಪಾಯವಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಹಾಗಾದರೆ ನಮ್ಮ ಮನೆಗಳಿಗೆ ನೆರೆಯ ನಿಯಮ ಬರುವುದು ಎಲ್ಲಿಂದ? ಕೆರೆ, ಹಳ್ಳ, ಖರಾಬಿನ ಕಾನೂನಿನಿಂದ. ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

‘ಕೆರೆ ಒಣಗಿ ಇಪ್ಪತ್ತು ವರ್ಷವಾಯಿತು, ಅಂಗಳದಲ್ಲಿ ಜಾಲಿ ಬೆಳೆದಿದೆ, ಅದೇನು ಕೆರೆಯೇ?’ ಕಾನೂನಿನ ಕಣ್ಣಿಗೆ ಕೆರೆಯೇ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, ನೀರು ಇರಲಿ ಬಿಡಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ಏನೇ ಬರೆದಿದ್ದರೂ ಅದನ್ನು ಕೆರೆ ಎಂದೇ ಎಣಿಸುತ್ತದೆ. ನೀರು ತರುವ ಕಾಲುವೆ, ಏರಿ, ತೂಬು, ಕೋಡಿ ಎಲ್ಲವೂ ಅದರೊಳಗೇ.

ಪತ್ರದ ಮಾತಿಗೆ ಬರೋಣ. ಇ-ಸ್ವತ್ತು ಆಗಿದೆ, ಕಂದಾಯ ಕಟ್ಟಿದ ರಸೀದಿ ಇದೆ, ಬ್ಯಾಂಕೇ ಸಾಲ ಕೊಟ್ಟಿದೆ, ಇನ್ನೇನು ಬೇಕು? ಈ ಕಾಗದಗಳೆಲ್ಲ ಸ್ವತ್ತು ಯಾರದು, ಅದರ ಮೇಲೆ ಋಣ ಇದೆಯೇ ಎಂಬುದನ್ನು ಹೇಳುತ್ತವೆ. ನೀರಿನ ಸುದ್ದಿ ಇರುವುದು ಬೇರೆಡೆ. ಪಹಣಿಯ ಮೂರನೇ ಕಾಲಂ ತೆಗೆದು ನೋಡಿ: ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎ, ಖರಾಬು ಬಿ ಎಂದು ಗುಂಟೆ ಲೆಕ್ಕದಲ್ಲಿ ಬರೆದಿರುತ್ತದೆ. ಎ ಎಂದರೆ ಬೇಸಾಯಕ್ಕೆ ಬಾರದ ನೆಲ. ಬಿ ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದು ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ನಿಮ್ಮದಲ್ಲ. ನಾಲ್ಕೈದು ಗುಂಟೆ ಬಿ ಖರಾಬು ಕಂಡರೆ ಗ್ರಾಮ ನಕ್ಷೆ ಬಿಡಿಸಿ ಹಳ್ಳದ ಗೆರೆ ಎಲ್ಲಿ ಹಾಯುತ್ತದೆ ಎಂದು ನೋಡಬೇಕು. ಎಷ್ಟೋ ಕಡೆ ಆ ಹಳ್ಳವನ್ನು ಎರಡೂ ಕಡೆಯವರು ತೆಂಗಿನ ಸಾಲಿನಿಂದ ಸಾಲಿಗೆ ಒತ್ತುತ್ತಾ ಬಂದು, ಕೆರೆಗೋಡು ಹೊಡೆಸಿ ಮಟ್ಟ ಮಾಡಿ, ಕೊನೆಗೆ ರಸ್ತೆಯ ಅಡಿ ಒಂದು ಸಿಮೆಂಟ್ ಪೈಪಿಗೆ ತಂದು ನಿಲ್ಲಿಸಿರುತ್ತಾರೆ. ಮೊದಲ ದೊಡ್ಡ ಮಳೆಗೆ ಗರಿ, ಎಡಮಟ್ಟೆ, ಕಾಯಿಸಿಪ್ಪೆ ತೇಲಿಬಂದು ಆ ಪೈಪಿನ ಬಾಯಿ ಕಟ್ಟುತ್ತದೆ. ಆಮೇಲೆ ನೀರು ಹಿಂದಿನ ಮನೆಯ ಹಿತ್ತಿಲಿಗೆ ನುಗ್ಗುತ್ತದೆ. ಬೈಗುಳ ಮಾತ್ರ ಪಂಚಾಯಿತಿಗೆ.

ಅನುಭವದಲ್ಲಿದ್ದರೆ ಸಕ್ರಮ ಆಗುತ್ತದೆ ಎಂಬ ಭರವಸೆ ಬೇರೆ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರಿನ ಕೆರೆಕಟ್ಟೆಯ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರೂ, ಎಷ್ಟು ವರ್ಷ ವಾಸವಿದ್ದರೂ ಅದು ಸಕ್ರಮಕ್ಕೆ ನೆಪವಾಗದು ಎಂದು ಖಂಡತುಂಡವಾಗಿ ಹೇಳಿದೆ.

ಎಷ್ಟು ಮೀಟರ್ ಬಿಡಬೇಕು ಎಂಬುದರಲ್ಲೂ ಗೊಂದಲ. ಕೆರೆಯಿಂದ 75 ಮೀಟರ್ ಎಂದು ಈಗಲೂ ಹೇಳುವವರಿದ್ದಾರೆ. ಅದು ಬೆಂಗಳೂರಿನ ಕೆರೆಗಳ ಬಗ್ಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟ ಆದೇಶ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. 2014ರ ಕಾಯ್ದೆ ಇಟ್ಟಿದ್ದು 30 ಮೀಟರ್. 2025ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆ ಆ ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸಲು ಹೊರಟಿತು. ಕಟ್ಟುವವರು ಅಂದಿನ ನಿಯಮವನ್ನು ತಾಲ್ಲೂಕು ಕಚೇರಿಯಲ್ಲೇ ಕೇಳಿ ತಿಳಿಯುವುದು ಒಳಿತು. ಆದರೆ ನನ್ನ ಮಟ್ಟಿಗೆ ಮೀಟರಿನ ಜಗಳಕ್ಕಿಂತ ಮಟ್ಟದ ಪ್ರಶ್ನೆ ದೊಡ್ಡದು. ಹಿನ್ನೀರಿನ ಕಡೆಯ ನೆಲ ಎಷ್ಟು ಸಪಾಟು ಎಂದರೆ ಕೆರೆ ಎರಡಡಿ ಏರಿದರೆ ನೀರು ತೋಟದೊಳಗೆ ಬಹುದೂರ ಹರಡೀತು. ಏರಿಯ ಕೆಳಗಿನವರಿಗೆ ಮಾತ್ರ ಅಪಾಯ ಎಂದು ಹಿನ್ನೀರಿನವರು ನೆಮ್ಮದಿಯಾಗಿರುವುದು ಇದನ್ನು ಮರೆತೇ.

‘ಮನೆ ಬಿದ್ದರೆ ಸರ್ಕಾರ ಕೊಡುತ್ತದೆ.’ ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಂತೆ ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1.2 ಲಕ್ಷ ರೂಪಾಯಿ. ಮನೆ ಅಧಿಕೃತ ಕಟ್ಟಡವೆಂದು ದೃಢೀಕರಣವೂ ಬೇಕೆಂದು ಆ ಮಾರ್ಗಸೂಚಿಯೇ ಹೇಳುತ್ತದೆ. ರಾಜ್ಯ ಸರ್ಕಾರಗಳು ಆಗಾಗ ಹೆಚ್ಚು ಕೊಟ್ಟದ್ದುಂಟು, ಆದರೆ ಅದು ಆಯಾ ವರ್ಷದ ತೀರ್ಮಾನ, ಹಕ್ಕಲ್ಲ. ಬಿ ಖರಾಬಿನ ಮೇಲೆ ಪರವಾನಗಿ ಇಲ್ಲದೆ ಎದ್ದ ಮನೆಯವರು ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾರೆ.

ವಿಮೆಯ ದಾರಿ ಇದೆ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿಯ ಜೊತೆ ನೆರೆ, ನೀರು ನುಗ್ಗುವುದೂ ಸೇರಿದೆ. ಮನೆಯಷ್ಟೇ ಅಲ್ಲ, ಒಳಗಿನ ಸಾಮಾನಿಗೂ ಅನ್ವಯಿಸುತ್ತದೆ. ಆದರೆ ನಮ್ಮ ಸೀಮೆಯವರು ಗಮನಿಸಬೇಕಾದ ಒಂದು ಕೊಕ್ಕೆ ಇದೆ: ಸಾಮಾನು ಎಂದರೆ ಮನೆಬಳಕೆಯದು. ಅಟ್ಟದ ಮೇಲೆ ವರ್ಷವಿಡೀ ಒಣಗಲು ಬಿಟ್ಟ ಕೊಬ್ಬರಿ ಮಾರುವ ಸರಕು, ಅದು ಈ ಲೆಕ್ಕಕ್ಕೆ ಬಾರದು. ಅಟ್ಟಕ್ಕೆ ನೀರು ಏರುವುದಿಲ್ಲ ನಿಜ, ಆದರೆ ಮಣ್ಣಿನ ಗೋಡೆ ಬುಡದಲ್ಲಿ ನೆನೆದು ಕುಸಿದರೆ ಅಟ್ಟವೂ ಕೆಳಗೆ ಬರುತ್ತದೆ. ಕೊಬ್ಬರಿಗೆ ಬೇರೆ ಸರಕು ವಿಮೆಯನ್ನೇ ಕೇಳಬೇಕು.

ಮಾರುವವರಿಗೂ ಒಂದು ಮಾತು. ರಿಜಿಸ್ಟ್ರಿ ಆದ ಮೇಲೆ ತಮಗೆ ಸಂಬಂಧವಿಲ್ಲ ಎಂದುಕೊಂಡಿರುತ್ತಾರೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಪತ್ತೆ ಮಾಡಲಾಗದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ಹೇಳಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ವಿಧಿಸುತ್ತದೆ. ಕೊಳ್ಳುವವರು ಅದನ್ನೇ ನಂಬಿ ಕೂರಬೇಕಿಲ್ಲ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಹಾಕಿ ಕೆರೆ, ಕಾಲುವೆ ಹತ್ತಿರವಿದೆಯೇ ನೋಡಬಹುದು. ಅನುಮಾನ ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಬಹುದು. ಹೊಸದಾಗಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಪಕ್ಕದ ತೋಟದ ಬೇಲಿಯಲ್ಲಿ ಹೋದ ಮಳೆಗಾಲದ ಕಸಕಡ್ಡಿ ಯಾವ ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿ, ತೋಟದವರನ್ನೇ ಕೇಳಿ.